ಕೊಳ್ಳುವುದಾ, ಲೀಸಾ? 19 ವರ್ಷದ ನಂತರ ಮತ್ತೆ ಕುದುರೆ ಹತ್ತಿದ ಗೆಳತಿಯ ಪ್ರಕರಣ

ಇದು ನಡೆದಾಗ ನನ್ನ ಗೆಳತಿಗೆ 41 ವರ್ಷ. ರಾಜಾಜಿನಗರದಲ್ಲಿ ಮನೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಹೈಸ್ಕೂಲಿಗೆ ಹೋಗುವ ಮಗಳು. ಕಾಲೇಜು ಓದುವಾಗ ಹೆಬ್ಬಾಳದ ಎನ್‌ಸಿಸಿ ರಿಮೌಂಟ್ ಅಂಡ್ ವೆಟರ್ನರಿ ಘಟಕದಲ್ಲಿ ಸವಾರಿ ಕಲಿತವಳು. ಹೆಬ್ಬಾಳದಲ್ಲಿ ಎನ್‌ಸಿಸಿ ಕುದುರೆಗಳಿವೆ ಅನ್ನುವುದು ಬೆಂಗಳೂರಿನ ಬಹಳ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ಸಾಧಾರಣ ಮನೆಯ ಹುಡುಗ ಹುಡುಗಿಯರು ಜಾಸ್ತಿ ಖರ್ಚಿಲ್ಲದೆ ಸವಾರಿ ಕಲಿಯುವ ದಾರಿಗಳಲ್ಲಿ ಅದೊಂದು. ಅಲ್ಲಿ ಆಕೆ ಟ್ರಾಟ್ (ಕುದುರೆಯ ನಿಧಾನ ಓಟ), ಕ್ಯಾಂಟರ್ (ಅದಕ್ಕಿಂತ ವೇಗದ ಓಟ) ದಾಟಿ ಸಣ್ಣ ಜಂಪ್‌ಗಳವರೆಗೂ ಬಂದಿದ್ದಳು. ಆಮೇಲೆ ಕೆಲಸ, ಮದುವೆ, ಮಗು. 19 ವರ್ಷ ಕುದುರೆ ಮುಟ್ಟಲಿಲ್ಲ.

ಎರಡು ವರ್ಷದ ಹಿಂದೆ ದೇವನಹಳ್ಳಿ ಕಡೆಯ ಒಂದು ರೈಡಿಂಗ್ ಶಾಲೆಗೆ ಸೇರಿ ಮತ್ತೆ ಶುರು ಮಾಡಿದಳು. ನಾಲ್ಕು ತಿಂಗಳು ಶಾಲೆಯ ಕುದುರೆಗಳ ಮೇಲೆ ಕ್ಲಾಸ್ ಆಯಿತು. ಅಷ್ಟರಲ್ಲಿ ಒಂದೇ ವಾರದಲ್ಲಿ ಎರಡು ಕುದುರೆಗಳ ಮಾತು ಬಂತು. ಒಂದು ಮಾರಾಟಕ್ಕೆ, ಇನ್ನೊಂದು ಲೀಸಿಗೆ. ಹತ್ತು ದಿನದಲ್ಲಿ ಹೇಳಿ ಅಂದರು ಮಾರುವವರು.

ನಾನೂ ಆ ಶಾಲೆಯ ಲಾಯದಲ್ಲೇ ಒಂದು ಕುದುರೆ ಸಾಕುತ್ತೇನೆ. ಹಾಗಾಗಿ ಲೆಕ್ಕ ಹಾಕುವುದರಿಂದ ಹಿಡಿದು ಕರಾರು ಬರೆಯುವವರೆಗೆ ಜೊತೆಗಿದ್ದೆ. ನನ್ನ ಒಲವು ಮೊದಲಿಂದಲೂ ಲೀಸ್ ಕಡೆಗೇ ಇತ್ತು. ಓದುವಾಗ ಅದು ನೆನಪಿರಲಿ.

ಎರಡು ಕುದುರೆಗಳು

ಮಾರಾಟಕ್ಕಿದ್ದದ್ದು 6 ವರ್ಷದ ಹೆಣ್ಣು ಥರೋಬ್ರೆಡ್, ಅಂದರೆ ರೇಸ್ ತಳಿಯ ಕುದುರೆ. ರೇಸ್ ಬಿಟ್ಟು ಕೆಲವೇ ತಿಂಗಳಾಗಿತ್ತು. ಕಂದು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ, ನೋಡಲು ಚಂದ. ಬೆಲೆ 1,80,000 ರೂಪಾಯಿ.

ಲೀಸಿಗಿದ್ದದ್ದು 13 ವರ್ಷದ ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಗಂಡು ಕುದುರೆ. ಅದೂ ಒಂದು ಕಾಲದ ರೇಸ್ ಕುದುರೆಯೇ. ಆದರೆ ಏಳು ವರ್ಷದಿಂದ ಜಂಪಿಂಗ್ ಮಾಡಿಕೊಂಡು ಬಂದಿತ್ತು. ಅದನ್ನು ಓಡಿಸುತ್ತಿದ್ದ ಹುಡುಗ ಓದಲು ಹೊರದೇಶಕ್ಕೆ ಹೋದ. ಅಪ್ಪನಿಗೆ ಮಾರಲು ಮನಸ್ಸಿಲ್ಲ, ಸುಮ್ನೆ ನಿಲ್ಲಿಸಿ ಮೇವು ಹಾಕಲೂ ಇಷ್ಟವಿಲ್ಲ. ಹಾಫ್ ಲೀಸಿಗೆ ಕೊಡುತ್ತೇವೆ ಅಂದರು. ವಾರಕ್ಕೆ ನಾಲ್ಕು ದಿನ ಗೆಳತಿಯದು, ತಿಂಗಳಿಗೆ 14,000 ರೂಪಾಯಿ. ಉಳಿದ ಮೂರು ದಿನದಲ್ಲಿ ಎರಡು ದಿನ ತರಬೇತುದಾರರು ಓಡಿಸುತ್ತಾರೆ, ಒಂದು ದಿನ ರಜೆ. ನಮ್ಮೂರಿನ ಮನೆ ಲೀಸಿನ ಹಾಗೆ ಮೊದಲೇ ಕೊಟ್ಟ ದುಡ್ಡು ಕೊನೆಗೆ ವಾಪಸ್ ಬರುವ ವ್ಯವಸ್ಥೆ ಇದಲ್ಲ. ಕೊಟ್ಟದ್ದು ಹೋಯಿತು ಅಂತಲೇ ಲೆಕ್ಕ.

ರೇಸ್ ಬಿಟ್ಟ ಕುದುರೆ ಇಷ್ಟು ಅಗ್ಗಕ್ಕೆ ಯಾಕೆ ಸಿಗುತ್ತದೆ ಅಂತ ಹೊಸಬರು ಕೇಳುತ್ತಾರೆ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಕೋರ್ಸ್ ಇದೆ. ಥರೋಬ್ರೆಡ್‌ಗಳು 2 ವರ್ಷಕ್ಕೇ ಓಡಲು ಶುರು ಮಾಡುತ್ತವೆ. ಐದಾರು ವರ್ಷಕ್ಕೆ ಬಹಳಷ್ಟು ಕುದುರೆಗಳ ರೇಸ್ ಬದುಕು ಮುಗಿದಿರುತ್ತದೆ. ಆದರೆ ಕುದುರೆಯ ಆಯಸ್ಸು 25, ಕೆಲವಕ್ಕೆ 30 ವರ್ಷ. ಗೆಲ್ಲದ ಕುದುರೆಗೆ ತಿಂಗಳು ತಿಂಗಳು ಖರ್ಚು ಮಾಡಲು ಯಾರೂ ತಯಾರಿರುವುದಿಲ್ಲ. ಹಾಗಾಗಿ ಬೇಗ ಕೈ ಬದಲಾಗಲಿ ಅಂತ ಕಡಿಮೆ ಬೆಲೆಗೆ ಬಿಡುತ್ತಾರೆ. ಬೆಲೆ ನೋಡಿ ಕುದುರೆಯಲ್ಲೇ ಏನೋ ದೋಷವಿದೆ ಅಂದುಕೊಳ್ಳಬೇಕಿಲ್ಲ. ಹಾಗಂತ ಅಗ್ಗಕ್ಕೆ ಸಿಕ್ಕ ಕುದುರೆ ತಿನ್ನುವುದು ಕಡಿಮೆಯೇನೂ ಅಲ್ಲ.

ಮನಸ್ಸಿಗೆ ನೆನಪಿದೆ, ಮೈಗೆ ಇಲ್ಲ

ಮೊದಲ ಸಲ ಸವಾರಿ ಕಲಿಯುವವರಿಗೂ ಬಿಟ್ಟು ಮತ್ತೆ ಬರುವವರಿಗೂ ದೊಡ್ಡ ವ್ಯತ್ಯಾಸವಿದೆ. ಹೊಸಬರಿಗೆ ತಮಗೆ ಬರುವುದಿಲ್ಲ ಅಂತ ಗೊತ್ತಿರುತ್ತದೆ. ಮತ್ತೆ ಬಂದವರಿಗೆ ಎಲ್ಲ ನೆನಪಿರುತ್ತದೆ. ಕ್ಯಾಂಟರ್‌ಗೆ ಯಾವ ಕಾಲು ಎಲ್ಲಿರಬೇಕು, ಜಂಪ್ ಹತ್ತಿರ ಬಂದಾಗ ನೋಟ ಎಲ್ಲಿರಬೇಕು, ಎಲ್ಲವೂ. ಆದರೆ ತೊಡೆಯ ಒಳಭಾಗ, ಹೊಟ್ಟೆ, ಬೆನ್ನು ಆ ಕೆಲಸ ಮಾಡಿ ವರ್ಷಗಳಾಗಿವೆ. ಮನಸ್ಸು ಹೇಳಿದ್ದನ್ನು ಮೈ ಅರ್ಧ ಸೆಕೆಂಡ್ ತಡವಾಗಿ ಮಾಡುತ್ತದೆ. ಕುದುರೆ ಮೇಲೆ ಅರ್ಧ ಸೆಕೆಂಡ್ ಸಣ್ಣದಲ್ಲ.

ಗೆಳತಿಯ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತಿತ್ತು. ಟ್ರಾಟ್‌ನಲ್ಲಿ ಕೂತರೆ ನೋಡಿದವರು ಈಕೆ ಪಳಗಿದವಳು ಅನ್ನಬೇಕು. ಕ್ಯಾಂಟರ್ ಶುರುವಾಗಿ ಕುದುರೆ ಸ್ವಲ್ಪ ವೇಗ ಹೆಚ್ಚಿಸಿದರೆ ಭುಜ ಮುಂದೆ ಬಾಗುತ್ತಿತ್ತು, ಹಿಮ್ಮಡಿ ಮೇಲೆ ಹೋಗುತ್ತಿತ್ತು, ಕೈ ಲಗಾಮನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಶಾಲೆಯ ಮುದಿ ಕುದುರೆಗಳು ಇದನ್ನೆಲ್ಲ ಸಹಿಸಿಕೊಳ್ಳುತ್ತವೆ. ಸಿಟ್ಟು ಬಂದರೆ ನಿಂತುಬಿಡುತ್ತವೆ, ಅಷ್ಟೇ.

ರೇಸಿನಿಂದ ಬಂದ ಕುದುರೆಯ ಲೆಕ್ಕ ಬೇರೆ. ಅದು ಲಗಾಮಿನ ಬಿಗಿಯನ್ನು ಕಲಿತಿರುವುದೇ ಉಲ್ಟಾ. ಜಾಕಿ ಲಗಾಮು ಗಟ್ಟಿ ಹಿಡಿದಷ್ಟೂ ಅದು ಅದರ ಮೇಲೆ ಭಾರ ಹಾಕಿ ಮುನ್ನುಗ್ಗುತ್ತದೆ. ಸವಾರರ ಕಾಲು ಪಕ್ಕೆಗೆ ತಾಗಿದರೆ ಏನು ಮಾಡಬೇಕು ಅಂತ ಅದಕ್ಕೆ ಹೆಚ್ಚು ಗೊತ್ತಿರುವುದಿಲ್ಲ, ಯಾಕೆಂದರೆ ಜಾಕಿಯ ಕಾಲು ಮೇಲೆ, ಜೀನಿನ ಹತ್ತಿರ ಮಡಚಿರುತ್ತದೆ. ಹೆದರಿದಾಗ ಲಗಾಮು ಹಿಡಿದು ಎಳೆಯುವುದು ಮನುಷ್ಯರ ಸಹಜ ಬುದ್ಧಿ. ಆ ಕುದುರೆಗೆ ಅದು ಓಡು ಅನ್ನುವ ಸೂಚನೆ. ಅದು ಓಡುತ್ತದೆ, ಸವಾರರಿಗೆ ಇನ್ನೂ ಹೆದರಿಕೆ, ಇನ್ನೂ ಬಿಗಿ. ಇದನ್ನು ಬಿಡಿಸುವುದು ಕಷ್ಟವೇನಲ್ಲ, ತಿಂಗಳುಗಟ್ಟಲೆ ಸಮಾಧಾನವಾಗಿ ತಿದ್ದಿದರೆ ಥರೋಬ್ರೆಡ್ ಬಹಳ ಒಳ್ಳೆಯ ಸವಾರಿ ಕುದುರೆ. ಆದರೆ ತಿದ್ದುವವರ ಕೈ ಮೊದಲು ತಿದ್ದಿರಬೇಕು.

ಲಾಯದ ಹಿರಿಯ ಸೈಸ್ (ಕುದುರೆ ನೋಡಿಕೊಳ್ಳುವವರು) ಒಬ್ಬರು ರೇಸ್ ಕೋರ್ಸಿನಲ್ಲಿ ಬಹಳ ವರ್ಷ ಇದ್ದವರು. ಹೆಣ್ಣು ಕುದುರೆಯನ್ನು ಗೆಳತಿ ಓಡಿಸಿ ನೋಡಿದ ದಿನ ಅವರು ಬೇಲಿ ಹತ್ತಿರ ನಿಂತಿದ್ದರು. ಇಳಿದ ಮೇಲೆ ಹೇಳಿದ್ದು ಇಷ್ಟೇ: “ಮೇಡಂ, ಕುದುರೆ ಒಳ್ಳೇದು. ನಿಮ್ಮ ಕೈ ಇನ್ನೂ ಅದಕ್ಕೆ ಆಗಿಲ್ಲ. ಬೇಜಾರು ಮಾಡ್ಕೋಬೇಡಿ.”

ಆಕೆಗೆ ಬೇಜಾರಾಯಿತು. ಎರಡು ದಿನ ನಮ್ಮಿಬ್ಬರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಲೆಕ್ಕ

ಮುಂದಿನ ಅಂಕಿಗಳು ಈ ಲಾಯದ, ಆ ಸಮಯದ ದರಗಳು. ಬೇರೆ ಕಡೆ ಬೇರೆ ಇರುತ್ತವೆ. ಹೆಲ್ಮೆಟ್, ಬೂಟುಗಳನ್ನು ಎರಡೂ ಕಡೆ ಬಿಟ್ಟಿದ್ದೇವೆ. ಅವು ಹೇಗೂ ಬೇಕು. ಅಂದಹಾಗೆ ಆಕೆಯ ಅಟ್ಟದಲ್ಲಿ ಕಾಲೇಜು ಕಾಲದ ಹೆಲ್ಮೆಟ್ ಇತ್ತು, ಅದನ್ನೇ ಹಾಕಿಕೊಳ್ಳುತ್ತೇನೆ ಅಂದಿದ್ದಳು. ಹೆಲ್ಮೆಟ್ ಒಳಗಿನ ಫೋಮ್ ವರ್ಷ ಕಳೆದ ಹಾಗೆ ಕೆಡುತ್ತದೆ. ಸಾಮಾನ್ಯವಾಗಿ ಐದು ವರ್ಷಕ್ಕೆ, ಗಟ್ಟಿಯಾಗಿ ಬಿದ್ದರೆ ಆಗಲೇ, ಬದಲಿಸಬೇಕು. ಮತ್ತೆ ಬರುವವರು ಮೊದಲು ಕೊಳ್ಳಬೇಕಾದದ್ದು ಅದು.

ಕೊಂಡರೆ ಮೊದಲ ವರ್ಷದ ಖರ್ಚು ಹೀಗೆ ಬಂತು. ಕುದುರೆಯ ಬೆಲೆ 1,80,000. ಲಾಯದ ಜಾಗ, ಮೇವು, ಸೈಸ್ ಸೇರಿ ತಿಂಗಳಿಗೆ 22,000, ವರ್ಷಕ್ಕೆ 2,64,000. ಐದಾರು ವಾರಕ್ಕೊಮ್ಮೆ ಲಾಳ ಬದಲಿಸಿ ಗೊರಸು ಕತ್ತರಿಸಬೇಕು, ವರ್ಷಕ್ಕೆ ಒಂಬತ್ತು ಸಲ, ಸಲಕ್ಕೆ 2,500 ಅಂದರೆ 22,500. ಧನುರ್ವಾಯು ಲಸಿಕೆ, ಜಂತು ಔಷಧಿ, ವರ್ಷಕ್ಕೊಮ್ಮೆ ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡಿಸುವುದು, ಡಾಕ್ಟರ ಮಾಮೂಲಿ ಭೇಟಿ, ಎಲ್ಲ ಸೇರಿ 30,000. ಜೀನು, ಲಗಾಮು ಮತ್ತು ಇತರ ಸಾಮಾನಿಗೆ 60,000. ಕಾನ್ಪುರದಲ್ಲಿ ಒಳ್ಳೆಯ ಜೀನು ತಯಾರಾಗುತ್ತವೆ, ಆಮದು ಮಾಡಿದ್ದೇ ಬೇಕಿಲ್ಲ. ಆದರೆ ಥರೋಬ್ರೆಡ್‌ನ ಹೆಗಲ ಮೂಳೆ ಎತ್ತರ. ಆ ಕುದುರೆಯ ಬೆನ್ನಿಗೆ ಸರಿಹೊಂದದ ಜೀನು ಎಷ್ಟು ದುಬಾರಿಯದಾದರೂ ಗಾಯ ಮಾಡುತ್ತದೆ. ಕುದುರೆಯನ್ನು ತಿದ್ದಲು, ಆಕೆಗೆ ಪಾಠ ಹೇಳಲು ತರಬೇತುದಾರರಿಗೆ ತಿಂಗಳಿಗೆ 8,000, ವರ್ಷಕ್ಕೆ 96,000. ಒಟ್ಟು 6,52,500 ರೂಪಾಯಿ. ಎರಡನೇ ವರ್ಷ ಕುದುರೆ ಬೆಲೆ, ಸಾಮಾನು ಕಳೆದರೆ 4,12,500.

ಲೀಸಿನ ಲೆಕ್ಕ ಚಿಕ್ಕದು. ಲೀಸ್ ಹಣ 1,68,000, ಲಾಳದ ಖರ್ಚಿನ ಅರ್ಧ 11,250, ಕ್ಲಾಸ್‌ಗೆ 48,000. ಒಟ್ಟು 2,27,250. ಜೀನು ಕುದುರೆಯ ಜೊತೆಗೇ ಬರುತ್ತದೆ.

ಮೊದಲ ವರ್ಷದ ವ್ಯತ್ಯಾಸ ನಾಲ್ಕೂ ಕಾಲು ಲಕ್ಷ. ಇದನ್ನು ನೋಡಿ ಗೆಳತಿಯ ಗಂಡ ಹೇಳಿದ್ದು, “ಕೊಂಡರೆ ಕೊನೆಗೆ ಮಾರಬಹುದಲ್ವಾ, ಲೀಸಿನಲ್ಲಿ ಕೈಗೆ ಏನೂ ಉಳಿಯಲ್ಲ” ಅಂತ. ಮಾತು ತಪ್ಪಲ್ಲ. ಆದರೆ ಕುದುರೆಯ ಬೆಲೆ ಅದರ ಮೇಲೆ ಕೂತವರ ಕೈಯಲ್ಲಿದೆ. ಚೆನ್ನಾಗಿ ಪಳಗಿಸಿದರೆ 1,80,000ದ ಕುದುರೆ ಅದರ ಎರಡರಷ್ಟಕ್ಕೂ ಹೋಗಬಹುದು. ಲಗಾಮು ಎಳೆದು ಎಳೆದು ಬಾಯಿ ಗಟ್ಟಿಯಾದರೆ, ಓಡಿಹೋಗುವುದನ್ನು ಕಲಿತರೆ, ಕಾಲು ನೋವು ಮಾಡಿಕೊಂಡರೆ ಅದನ್ನು ಸುಮ್ನೆ ಕೊಟ್ಟರೂ ತೆಗೆದುಕೊಳ್ಳುವವರು ಇರುವುದಿಲ್ಲ. ಆಗಲೂ ತಿಂಗಳಿಗೆ 22,000 ನಿಲ್ಲುವುದಿಲ್ಲ. ವಿಮೆ ವಿಚಾರಿಸಿದೆವು. ಸಿಕ್ಕ ಪಾಲಿಸಿ ಕುದುರೆ ಸತ್ತರೆ ಹಣ ಕೊಡುತ್ತದೆ, ಕುಂಟಿದರೆ ಚಿಕಿತ್ಸೆಗೆ ಕೊಡುವುದಿಲ್ಲ. ಕುದುರೆ ವಿಷಯದಲ್ಲಿ ಸಾಯುವುದಕ್ಕಿಂತ ಕುಂಟುವುದೇ ಜಾಸ್ತಿ.

ಹಣಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಲೆಕ್ಕ. ವಾರಕ್ಕೆ ಐದು ದಿನ ಬರುತ್ತೇನೆ ಅಂತ ಆಕೆ ಹೇಳುತ್ತಿದ್ದಳು. ಶಾಲೆಯ ಹಾಜರಿ ಪುಸ್ತಕ ತೆಗೆಸಿ ನೋಡಿದೆವು. ನಾಲ್ಕು ತಿಂಗಳಲ್ಲಿ ವಾರಕ್ಕೆ ಮೂರು ದಿನ ದಾಟಿದ ವಾರಗಳೇ ಕಡಿಮೆ. ಮಗಳ ಪರೀಕ್ಷೆ, ಆಫೀಸಿನ ರಾತ್ರಿ ಕಾಲ್‌ಗಳು, ಹೆಬ್ಬಾಳ ಫ್ಲೈಓವರ್. ಬೆಳಿಗ್ಗೆ ಐದೂವರೆಗೆ ಹೊರಟರೆ ಸಲೀಸು, ಆರೂವರೆಗೆ ಹೊರಟರೆ ವಾಪಸ್ ಬರುವಾಗ ಸಿಕ್ಕಿಹಾಕಿಕೊಂಡಂತೆಯೇ. ಆರು ವರ್ಷದ ಥರೋಬ್ರೆಡ್ ವಾರಕ್ಕೆ ನಾಲ್ಕು ದಿನ ಲಾಯದಲ್ಲೇ ನಿಂತರೆ ಐದನೇ ದಿನ ಹತ್ತುವವರಿಗೆ ಅದರ ಪರಿಣಾಮ ಗೊತ್ತಾಗುತ್ತದೆ. ಹಾಫ್ ಲೀಸ್ ಈ ಹಾಜರಿಗೆ ಸರಿಯಾಗಿ ಕೂರುತ್ತಿತ್ತು.

ಡಾಕ್ಟರು ಪಾಸ್ ಮಾಡಿದರು

ಇಷ್ಟಾದರೂ ಆಕೆಯ ಮನಸ್ಸು ಹೆಣ್ಣು ಕುದುರೆಯ ಮೇಲೇ ಇತ್ತು. ಸರಿ, ಡಾಕ್ಟರಿಗೆ ತೋರಿಸೋಣ ಅಂದೆ. ಒಳಗೊಳಗೆ ಏನಾದರೂ ದೋಷ ಸಿಕ್ಕಿ ವಿಷಯ ಅಲ್ಲಿಗೇ ಮುಗಿಯಲಿ ಅನ್ನುವ ಆಸೆ ನನಗಿತ್ತು.

ಕುದುರೆ ಕೊಳ್ಳುವ ಮುಂಚಿನ ಪರೀಕ್ಷೆ ಮಾರುವವರ ಡಾಕ್ಟರಿಂದ ಮಾಡಿಸಬಾರದು. ಬೇರೆಯವರನ್ನು ಕರೆಸಿದೆವು. ಹೃದಯ, ಕಣ್ಣು, ಹಲ್ಲು ನೋಡಿದರು. ಗಟ್ಟಿ ನೆಲದ ಮೇಲೆ ನೇರವಾಗಿ ನಡೆಸಿ, ಟ್ರಾಟ್ ಮಾಡಿಸಿ, ಎರಡೂ ಕಡೆ ಸಣ್ಣ ಸುತ್ತು ಹಾಕಿಸಿದರು. ಮುಂಗಾಲಿನ ಹಿಂಬದಿಯ ನರದಂಥ ದಪ್ಪ ಸ್ನಾಯುರಜ್ಜುವನ್ನು ಬೆರಳಿನಿಂದ ಮೇಲಿಂದ ಕೆಳಗೆ ಸವರಿ ನೋಡಿದರು. ರೇಸ್ ಕುದುರೆಗಳಿಗೆ ಪೆಟ್ಟಾಗುವುದು ಹೆಚ್ಚಾಗಿ ಅಲ್ಲೇ. ಹಳೇ ಪೆಟ್ಟಿದ್ದರೆ ಅಲ್ಲಿ ಉಬ್ಬು ಉಳಿದಿರುತ್ತದೆ. ಆಮೇಲೆ ಒಂದೊಂದೇ ಕಾಲು ಮಡಚಿ ಸುಮಾರು ಒಂದು ನಿಮಿಷ ಹಿಡಿದು, ಬಿಟ್ಟ ಕೂಡಲೇ ಟ್ರಾಟ್ ಮಾಡಿಸಿದರು. ಕೀಲಿನಲ್ಲಿ ತೊಂದರೆ ಇದ್ದರೆ ಮೊದಲ ಹೆಜ್ಜೆಗಳಲ್ಲಿ ಕುಂಟುತ್ತದೆ. ಎಕ್ಸ್‌ರೇ ಆಯಿತು. ನೋವಿನ ಔಷಧಿ ಕೊಟ್ಟು ತಂದಿದ್ದಾರಾ ಅಂತ ತಿಳಿಯಲು ರಕ್ತ ತೆಗೆದರು. ಅದೇ ರಕ್ತದಲ್ಲಿ ಗ್ಲ್ಯಾಂಡರ್ಸ್ ಮತ್ತು ಸರ್ರಾ (ನೊಣ ಕಚ್ಚಿ ಹರಡುವ ರಕ್ತದ ರೋಗ) ಪರೀಕ್ಷೆಯೂ ಹೋಯಿತು. ಗ್ಲ್ಯಾಂಡರ್ಸ್ ವಿಷಯದಲ್ಲಿ ಸಡಿಲ ಬಿಡಬಾರದು. ಮನುಷ್ಯರಿಗೂ ಹರಡುವ ರೋಗ ಅದು. ದೃಢಪಟ್ಟರೆ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ಕಾನೂನಿನ ಪ್ರಕಾರ ಕೊಲ್ಲಲೇಬೇಕು. ಪಾಸ್‌ಪೋರ್ಟ್ ಪುಸ್ತಕದಲ್ಲಿ ಬರೆದ ಗುರುತುಗಳು, ಮೈಕ್ರೋಚಿಪ್ ನಂಬರು ಇದೇ ಕುದುರೆಯದ್ದಾ ಅಂತಲೂ ತಾಳೆ ನೋಡಿದರು.

ಎಲ್ಲ ಸರಿಯಿತ್ತು. ಕಾಲು ಗಾಜಿನಂತೆ ಶುಭ್ರ. ನನ್ನ ಆಸೆ ನೆರವೇರಲಿಲ್ಲ.

ಇಲ್ಲಿಗೆ ವಿಷಯ ನಿಜಕ್ಕೂ ಕಠಿಣವಾಯಿತು. ಕುದುರೆ ಕೆಟ್ಟದ್ದಾಗಿದ್ದರೆ ಬೇಡ ಅನ್ನುವುದು ಸುಲಭ. ಇದು ಒಳ್ಳೆಯ ಕುದುರೆ, ಒಳ್ಳೆಯ ಬೆಲೆ. ಹೊಂದದೇ ಇದ್ದದ್ದು ಸವಾರಳಿಗೆ, ಅದೂ ಈಗಿನ ಸವಾರಳಿಗೆ. ಇನ್ನೊಂದೆರಡು ವರ್ಷ ಸತತವಾಗಿ ಕುದುರೆ ಮೇಲಿದ್ದ ಮೇಲೆ ಇದೇ ಕುದುರೆ ಬಂದಿದ್ದರೆ ನಾನೇ ಕೊಂಡುಕೋ ಅನ್ನುತ್ತಿದ್ದೆ.

ದೊಡ್ಡಬಳ್ಳಾಪುರದ ಜಮೀನು

ಖರ್ಚು ಇಳಿಸಲು ಮನೆಯವರಿಗೆ ಒಂದು ಯೋಚನೆ ಬಂತು. ದೊಡ್ಡಬಳ್ಳಾಪುರದ ಹತ್ತಿರ ಮಾವನವರ ಒಂದೂವರೆ ಎಕರೆ ಇದೆ. ಅಲ್ಲೇ ಕಟ್ಟಿದರಾಯಿತು ಅಂದರು. “ಎರಡು ಹಸು ಇವೆ, ಜೊತೆಗೆ ಇದೂ ಇರಲಿ ಬಿಡಮ್ಮ” ಅಂತ ಮಾವ ಸೊಸೆಗೆ ಪ್ರೀತಿಯಿಂದಲೇ ಹೇಳಿದರು.

ಆದರೆ ಹಸುವಿನ ಹಾಗೆ ಕುದುರೆ ಮೆಲುಕು ಹಾಕುವುದಿಲ್ಲ. ಅದರ ಹೊಟ್ಟೆ ಮೈಗೆ ಹೋಲಿಸಿದರೆ ಚಿಕ್ಕದು, ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. 450 ಕಿಲೋ ಕುದುರೆಗೆ ದಿನಕ್ಕೆ ಎಂಟೊಂಬತ್ತು ಕಿಲೋ ಒಣ ಹುಲ್ಲು ಬೇಕು, ಅದರ ಮೇಲೆ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನುವ ಹಸಿರು ಮೇವು), ಧಾನ್ಯ. ಒಂದೇ ಸಲ ಜಾಸ್ತಿ ಧಾನ್ಯ ಸುರಿದರೆ, ಮೇವು ದಿಢೀರ್ ಬದಲಿಸಿದರೆ, ನೀರು ಕಡಿಮೆಯಾದರೆ ಹೊಟ್ಟೆನೋವು ಬರುತ್ತದೆ. ಲಾಯದವರು ಕಾಲಿಕ್ ಅನ್ನುವುದು ಇದಕ್ಕೇ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಕರುಳು ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಹಸು ನೋಡುವ ಊರಿನ ಡಾಕ್ಟರು ಬರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಕುದುರೆ ನೆಲಕ್ಕೆ ಬಿದ್ದು ಹೊರಳಾಡಿದರೆ ಮೂಗಿನ ಮೂಲಕ ಹೊಟ್ಟೆಗೆ ಟ್ಯೂಬ್ ಹಾಕಿ ಅಭ್ಯಾಸವಿರುವವರು ಬೇಕು. ಮೇಲಾಗಿ ಕುದುರೆ ಹಿಂಡಿನಲ್ಲಿ ಬದುಕುವ ಪ್ರಾಣಿ. ಒಂಟಿಯಾಗಿ ಬಿಟ್ಟರೆ ಬೇಲಿಯ ಉದ್ದಕ್ಕೂ ಓಡಾಡಿ ಸೊರಗುತ್ತದೆ. ಎರಡು ಕುದುರೆ, ಒಬ್ಬ ಸೈಸ್, ಅವರಿಗೊಂದು ಮನೆ, ಹುಲ್ಲಿಗೆ ಶೆಡ್ಡು. ಉಳಿಸಲು ಹೊರಟ 22,000ಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಮಾವನವರಿಗೆ ಇದನ್ನು ಹೇಳಿದಾಗ ಅರ್ಥ ಮಾಡಿಕೊಂಡರು. ಹಸು ಸಾಕಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗುವುದಿಲ್ಲ.

ನನ್ನದೇ ಕುದುರೆ ಅನ್ನುವ ಆಸೆ

ಈ ಆಸೆಯನ್ನು ಹಗುರ ಮಾಡಿ ಮಾತಾಡಬಾರದು. ಎನ್‌ಸಿಸಿಯಲ್ಲಿ ಯಾವ ದಿನ ಯಾವ ಕುದುರೆ ಅಂತ ಬೇರೆಯವರು ಹೇಳುತ್ತಿದ್ದರು. ಒಂದಾದರೂ ತನ್ನದಾಗಿರಲಿ ಅನ್ನುವುದು ಆಕೆಗೆ 20ನೇ ವಯಸ್ಸಿನಿಂದ ಇದ್ದ ಆಸೆ. ಆಗ ದುಡ್ಡಿರಲಿಲ್ಲ, ಈಗ ಇದೆ. ಲೀಸ್ ಅಂದರೆ ಮತ್ತೆ ಇನ್ನೊಬ್ಬರ ಕುದುರೆ.

ನಾನು ಫವಾದ್ ಮಿರ್ಜಾ ಹೆಸರು ತೆಗೆದೆ. ಬೆಂಗಳೂರಿನ ಸವಾರ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇವೆಂಟಿಂಗ್ ಅನ್ನುವ ಕುದುರೆ ಸವಾರಿ ಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದವರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದವರು. ಎರಡೂ ಕಡೆ ಓಡಿಸಿದ್ದು ಸೆನ್ಯೂರ್ ಮೆಡಿಕಾಟ್ ಅನ್ನುವ ಕುದುರೆಯನ್ನು. ಆ ಕುದುರೆ ಪ್ರಾಯೋಜಕರಾದ ಎಂಬೆಸಿ ಸಂಸ್ಥೆಯದು, ಅವರ ಸ್ವಂತದ್ದಲ್ಲ. ಆ ಮಟ್ಟದಲ್ಲಿ ಇದು ಮಾಮೂಲು. ಗೆಳತಿ ನಕ್ಕು, “ನಾನೇನು ಒಲಿಂಪಿಕ್ಸ್‌ಗೆ ಹೋಗ್ತಿದೀನಾ?” ಅಂದಳು. ನನ್ನ ವಾದ ಅಲ್ಲಿಗೆ ಬಿತ್ತು.

ಕೊನೆಗೆ ಆಕೆಯನ್ನು ಒಪ್ಪಿಸಿದ್ದು ನನ್ನ ವಾದಗಳಲ್ಲ. ಆಕೆಯೇ ಒಂದು ಪ್ರಶ್ನೆ ಕೇಳಿಕೊಂಡಳು. ಈ ಹೆಣ್ಣು ಕುದುರೆಗೆ ಈಗ 6, 25 ಆಗುವಾಗ ನನಗೆ 60. ಕೊನೆಯ ಐದಾರು ವರ್ಷ ಅದರ ಮೇಲೆ ಕೂರಲು ಆಗುವುದಿಲ್ಲ. ಆಗ ಅದಕ್ಕೆ ಹುಲ್ಲು ಹಾಕುವವರು ಯಾರು? ಬೇಡವಾದಾಗ ಯಾರಿಗೋ ಕೊಟ್ಟು ಕೈ ತೊಳೆದುಕೊಳ್ಳುವುದು ಸಾಧ್ಯ, ಎಷ್ಟೋ ಜನ ಮಾಡುತ್ತಾರೆ. ಹಾಗೆ ಕೈ ಬದಲಾದ ಕೆಲವು ಕುದುರೆಗಳು ಮದುವೆ ಮೆರವಣಿಗೆಗೋ ಗಾಡಿಗೋ ಹೋಗಿ ಸೇರುತ್ತವೆ. ಆಕೆಗೆ ಅದು ಬೇಕಿರಲಿಲ್ಲ. 19 ವರ್ಷದ ಹೊಣೆ ಹೊರುವ ಮುಂಚೆ ಒಂದು ವರ್ಷ ಸವಾರಿ ಮುಂದುವರಿಸುತ್ತೇನಾ ನೋಡಬೇಕು ಅಂದಳು. ಮಾರುವವರಿಗೆ ಬೇಡ ಅಂತ ಫೋನ್ ಹೋಯಿತು.

ಕರಾರು

ಲೀಸ್ ಅಂದರೆ ತಲೆನೋವಿಲ್ಲ ಅಂತ ಭಾವಿಸುವವರು ಕರಾರು ಬರೆಯದವರು. ನಮ್ಮಲ್ಲಿ ಬಹಳಷ್ಟು ಲೀಸ್‌ಗಳು ಬಾಯಿಮಾತಿನಲ್ಲೇ ನಡೆಯುತ್ತವೆ, ಜಗಳವೂ ಹಾಗೇ ಬರುತ್ತದೆ. ಮಾಲೀಕರು ಮೊದಲು ಕೊಟ್ಟದ್ದು ಒಂದು ಪುಟದ ಕಾಗದ. ಅದರಲ್ಲಿ ತಿಂಗಳ ಹಣ, ದಿನಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರು ಸಲ ತಿದ್ದಿ ಬರೆಸಿದೆವು.

ಮೊದಲ ಪ್ರಶ್ನೆ ಆಸ್ಪತ್ರೆ ಖರ್ಚು. ಒಂದು ಸಲದ ಬಿಲ್ಲು 3,000 ರೂಪಾಯಿವರೆಗೆ ಇಬ್ಬರೂ ಸಮ, ಅದಕ್ಕಿಂತ ಮೇಲಿನದು ಮಾಲೀಕರದು, ಗೆಳತಿಯ ನಿರ್ಲಕ್ಷ್ಯದಿಂದ ಆದದ್ದು ಮಾತ್ರ ಆಕೆಯದು ಅಂತ ಬರೆದೆವು. ನಿರ್ಲಕ್ಷ್ಯ ಅಂದರೇನು ಅಂತಲೂ ಬರೆಸಿದ್ದು ಒಳ್ಳೆಯದಾಯಿತು: ಒಪ್ಪಿದ್ದಕ್ಕಿಂತ ಎತ್ತರ ಜಂಪ್ ಮಾಡಿಸುವುದು, ಬೇರೆಯವರನ್ನು ಕೂರಿಸುವುದು, ಹೇಳದೆ ಲಾಯದಿಂದ ಹೊರಗೆ ಒಯ್ಯುವುದು. ಜಂಪ್ ಎತ್ತರಕ್ಕೆ 80 ಸೆಂಟಿಮೀಟರ್ ಮಿತಿ.

ಎರಡನೆಯದು ಕುಂಟಿದರೆ ಏನು ಅನ್ನುವುದು. ಸವಾರಿ ಮಾಡಲು ಆಗದ ಕುದುರೆಗೆ ಪೂರ್ತಿ ಹಣ ಕೊಡುವುದು ಯಾವ ನ್ಯಾಯ? ಆದರೆ ಕುಂಟಿದ ಕುದುರೆಗೂ ಮೇವು ಬೇಕಲ್ವಾ ಅನ್ನುವುದು ಮಾಲೀಕರ ಮಾತು. ಅದೂ ಸರಿಯೇ. 14 ದಿನದವರೆಗೆ ಪೂರ್ತಿ ಹಣ, ಆಮೇಲಿನ ದಿನಗಳಿಗೆ ಅರ್ಧ, ಎರಡು ತಿಂಗಳು ದಾಟಿದರೆ ಗೆಳತಿ ಬಿಟ್ಟು ಹೋಗಬಹುದು ಅಂತ ಒಪ್ಪಂದವಾಯಿತು.

ಮೂರನೆಯದನ್ನು ಮಾತಾಡಲು ಎಲ್ಲರಿಗೂ ಮುಜುಗರ. ರಾತ್ರೋರಾತ್ರಿ ಕಾಲಿಕ್ ಬಂದು, ಮಾಲೀಕರ ಫೋನ್ ಸಿಗದೆ, ಇದು ಬದುಕುವುದಿಲ್ಲ, ನರಳುತ್ತಿದೆ, ಇಂಜೆಕ್ಷನ್ ಕೊಟ್ಟು ಮಲಗಿಸಲಾ ಅಂತ ಡಾಕ್ಟರು ಕೇಳಿದರೆ ಹೂಂ ಅನ್ನುವವರು ಯಾರು? ಮಾಲೀಕರ ಹೆಸರು, ಅವರು ಸಿಗದಿದ್ದರೆ ಅವರ ತಮ್ಮನ ಹೆಸರು, ಅವರೂ ಸಿಗದಿದ್ದರೆ ಡಾಕ್ಟರ ತೀರ್ಮಾನವೇ ಅಂತಿಮ ಅಂತ ಬರೆದರು. ಗೆಳತಿಯ ಹೆಸರನ್ನು ಅಲ್ಲಿ ಹಾಕಬೇಡಿ ಅಂತ ಆಕೆಯೇ ಕೇಳಿಕೊಂಡಳು.

ಇನ್ನು ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸ್, ಮಾರುವುದಾದರೆ ಮೊದಲು ಗೆಳತಿಗೆ ಕೇಳಬೇಕು, ಕೊಂಡರೆ ಕಟ್ಟಿದ ಲೀಸ್ ಹಣ ಬೆಲೆಯಲ್ಲಿ ಕಳೆಯುವುದಿಲ್ಲ. ಕೊನೆಯದನ್ನು ಬದಲಿಸಲು ಪ್ರಯತ್ನಿಸಿದೆವು, ಅವರು ಜಗ್ಗಲಿಲ್ಲ.

ಒಂದು ವರ್ಷದಲ್ಲಿ ಆದದ್ದು

ಮೊದಲ ತಿಂಗಳಲ್ಲೇ ಗೆಲ್ಡಿಂಗ್ ಆಕೆಯ ಕೈಯನ್ನು ಸರಿ ಮಾಡಿತು. ಲಗಾಮು ಎಳೆದರೆ ಅದು ತಲೆ ಎತ್ತಿ ನಿಂತುಬಿಡುತ್ತಿತ್ತು. ಕೈ ಸಡಿಲಿಸಿ ಕಾಲಿನಿಂದ ಕೇಳಿದರೆ ಮಾತ್ರ ನಡೆಯುತ್ತಿತ್ತು. ತರಬೇತುದಾರರು ನಾಲ್ಕು ತಿಂಗಳು ಬಾಯಲ್ಲಿ ಹೇಳಿದ್ದು ಅಲ್ಲಿ ತಾನಾಗಿ ಬಂತು. ಒಂದು ಸಲ ಬಿದ್ದಳು, ಮಣಿಕಟ್ಟು ಉಳುಕಿತು, ಹದಿನೈದು ದಿನ ರಜೆ. ಕುದುರೆ ಅಲ್ಲೇ ನಿಂತು ಹುಲ್ಲು ಮೇಯುತ್ತಿತ್ತಂತೆ.

ಮಳೆಗಾಲದಲ್ಲಿ ಗೊರಸಿನೊಳಗೆ ಕೀವು ತುಂಬಿತು. ಒದ್ದೆ ನೆಲದಲ್ಲಿ ಗೊರಸು ಮೆತ್ತಗಾದಾಗ ಇದು ಆಗುತ್ತದೆ. ರಾತ್ರಿ ಸರಿಯಿದ್ದ ಕುದುರೆ ಬೆಳಿಗ್ಗೆ ಕಾಲೂರುವುದಿಲ್ಲ, ಮೂಳೆಯೇ ಮುರಿದಿದೆ ಅನ್ನಿಸುವಷ್ಟು. ಗೊರಸು ಕೊರೆದು ಕೀವು ತೆಗೆದರು, ಬಿಸಿನೀರಿನ ಶಾಖ ಕೊಟ್ಟು ಪಟ್ಟಿ ಕಟ್ಟಿದರು. ಮೂರು ವಾರ ಸವಾರಿ ಇಲ್ಲ. ಬಿಲ್ಲು 9,000 ಬಂತು. ಕರಾರಿನ ಪ್ರಕಾರ ಗೆಳತಿ ಕೊಟ್ಟದ್ದು 1,500, ಉಳಿದದ್ದು ಮಾಲೀಕರು. ಮೂರನೇ ವಾರಕ್ಕೆ ಅರ್ಧ ಲೀಸ್ ಹಣ. ಒಂದು ಮಾತೂ ಎದುರು ಮಾತಾಗದೆ ಮುಗಿಯಿತು.

ಆ ಹೆಣ್ಣು ಕುದುರೆ? ಅದನ್ನು ಇನ್ನೊಬ್ಬರು ಕೊಂಡರು. ಬೆಳಗಾದರೆ ಕುದುರೆಗಳ ಜೊತೆಗೇ ಇರುವ ಯುವಕ. ವರ್ಷದೊಳಗೆ ಅದು ಸಣ್ಣ ಜಂಪ್‌ಗಳನ್ನು ಚೆನ್ನಾಗಿ ಮಾಡುತ್ತಿದೆ, ಕಾಲು ಗಟ್ಟಿಯಾಗಿದೆ, ಬೆಲೆಯೂ ಏರಿದೆ. ಗೆಳತಿ ಅದನ್ನು ಬೇರೆ ಕಡೆಯ ಸ್ಪರ್ಧೆಯಲ್ಲಿ ನೋಡಿ ಬಂದಳು. ಕೊಂಡಿದ್ದರೆ ನನ್ನದೂ ಹೀಗೇ ಆಗುತ್ತಿತ್ತೇನೋ ಅಂದಳು. ಇರಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಹುಡುಗ ದಿನಕ್ಕೆ ಎರಡು ಸಲ ಅದರ ಹತ್ತಿರ ಇರುತ್ತಾನೆ, ಮೊದಲ ಮೂರು ತಿಂಗಳು ಅದನ್ನು ಕ್ಯಾಂಟರ್‌ಗೇ ಬಿಟ್ಟಿರಲಿಲ್ಲ. ರಾಜಾಜಿನಗರದಿಂದ ವಾರಕ್ಕೆ ಮೂರು ದಿನ ಬರುವವರಿಗೆ ಆ ಕೆಲಸ ಆಗುತ್ತಿರಲಿಲ್ಲ.

ವರ್ಷ ಮುಗಿಯುವಾಗ ಗೆಲ್ಡಿಂಗ್‌ನ ಮಾಲೀಕರು ಮಾರುವ ಮಾತೆತ್ತಿದರು. ಕರಾರಿನಂತೆ ಮೊದಲು ಆಕೆಗೇ ಕೇಳಿದರು. 3,50,000. ಈ ಸಲ ಆಕೆ ಯಾರನ್ನೂ ಕೇಳದೆ ನೇರ ಡಾಕ್ಟರಿಗೆ ಫೋನ್ ಮಾಡಿದಳು. ಎಕ್ಸ್‌ರೇಯಲ್ಲಿ ಹಿಂಗಾಲಿನ ಮಧ್ಯದ ಕೀಲು ಸವೆಯಲು ಶುರುವಾಗಿರುವುದು ಕಂಡಿತು. ಆ ವಯಸ್ಸಿನ ಜಂಪಿಂಗ್ ಕುದುರೆಗೆ ಆಶ್ಚರ್ಯವೇನಲ್ಲ. ಈಗ ಕುಂಟುವುದಿಲ್ಲ. ಎತ್ತರ ಕಡಿಮೆ ಮಾಡಿ, ದಿನಾ ಹದವಾಗಿ ಓಡಾಡಿಸಿ, ಬೇಕಾದಾಗ ಕೀಲಿಗೆ ಇಂಜೆಕ್ಷನ್ ಕೊಡಿಸಿದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ ಅಂದರು. ಆಕೆಗೆ ಕುದುರೆ ಮೇಲೆ ಈಗ ಪ್ರೀತಿ ಹುಟ್ಟಿತ್ತು. ಆದರೂ 14 ವರ್ಷದ, ಕೀಲು ಸವೆಯುತ್ತಿರುವ ಕುದುರೆಗೆ ಆ ಬೆಲೆ ಜಾಸ್ತಿ ಅಂತ ಹೇಳಿದಳು. ಬೇರೆ ಯಾರೂ ಅಷ್ಟು ಕೊಡಲು ಮುಂದೆ ಬರಲಿಲ್ಲ.

ಲೀಸ್ ಇನ್ನೂ ಆರು ತಿಂಗಳು ಮುಂದುವರಿದಿದೆ, ತಿಂಗಳಿಗೆ 12,000ಕ್ಕೆ ಇಳಿಸಿ. ಜಂಪ್ ಮಿತಿ 70 ಸೆಂಟಿಮೀಟರ್. ಕೀಲಿನ ಚಿಕಿತ್ಸೆ ಪೂರ್ತಿ ಮಾಲೀಕರದು. ಸವಾರಿ ನಿಂತ ಮೇಲೆ ಕುದುರೆ ಎಲ್ಲಿರುತ್ತದೆ, ಖರ್ಚು ಯಾರದು ಅನ್ನುವುದನ್ನೂ ಬರೆಯಿರಿ ಅಂತ ಆಕೆ ಕೇಳಿದ್ದಾಳೆ. ಅದಕ್ಕೆ ಒಪ್ಪಿದರೆ ಹಾಫ್ ಲೀಸ್ ಬದಲು ಎರಡೂವರೆ ಲಕ್ಷಕ್ಕೆ ಕುದುರೆಯನ್ನು ಪೂರ್ತಿಯಾಗಿ ಕೊಳ್ಳುವ ಮಾತಾಡಬಹುದು, ಮುದಿತನದ ಖರ್ಚು ಇಬ್ಬರೂ ಹಂಚಿಕೊಳ್ಳಬಹುದು ಅನ್ನುವುದು ಆಕೆಯ ಪ್ರಸ್ತಾಪ. ಮಾಲೀಕರು ಮಗ ರಜೆಗೆ ಬಂದ ಮೇಲೆ ಹೇಳುತ್ತೇನೆ ಅಂದಿದ್ದಾರೆ.